ಹನ್ನೊಂದು ಮಂದಿ ರೊಟ್ಟಿಯವರು ಮತ್ತ ನನ್ನ ಸ್ವಭಾವ ಪರೀಕ್ಷಾ

ಹನ್ನೊಂದು ಹೆಣ್ಣಮಕ್ಕಳು ಒಂದ ತಗಡಿನ ಶೆಡ್ಡಿನ್ಯಾಗ ಕುಂತು ರೊಟ್ಟಿ ಬಡ್ಯಾಕ ಹತ್ತಿದ್ರ ನಗಾಕ ಬ್ಯಾರೆ ಏನೂ ಹುಡುಕೋದು ಬ್ಯಾಡ್ರಿ, ಒಲಿ ಹೊತ್ತೋದ್ರೊಳಗ ಏನರೆ ಒಂದು ಆಗಿರತೈತಿ. ಕೆರೂರಾಗಿನ ಆ ಶೆಡ್ಡಿಗೆ ನಾನ ಮುಂದಾಳು. ಹ್ವಾದ ವರ್ಷ ಬಾದಾಮ್ಯಾಗಿನ ಒಂದು ಖಾನಾವಳಿ ಮಾಲೀಕರು, "ದಿನಾ ಖಡಕ್ ರೊಟ್ಟಿ ಬೇಕ್ರಿ. ಆದ್ರ ಹಪ್ಪಳದಂಗ ತೆಳ್ಳಗಿರಬೇಕು. ಸೋಮವಾರ ಬಂದು ನೋಡ್ತೇನಿ" ಅಂದ್ರು. ಅವರು ಒಪ್ಪಿದ್ರ ಎಲ್ಲಾರಿಗೂ ವರ್ಷಪೂರ್ತಿ ಕೆಲಸ. ಇಲ್ಲಾಂದ್ರ ಏನು ಅನ್ನೋದನ್ನ ನಮ್ಮ ಹೆಣ್ಣಮಕ್ಕಳು ನನ್ನ ಮುಖದ ಮ್ಯಾಲೇ ಹೇಳಿದ್ರು: "ಇದು ಕೈ ತಪ್ಪಿತಂದ್ರ ಬ್ಯಾರೆ ಮುಂದಾಳನ್ನ ಹುಡುಕ್ತೇವಿ ನೋಡವಾ."

ನನ್ನ ಜೀವ ಹಾರಿಹೋತು. ಅದಕ್ಕ ಬಾಗಲಕೋಟಿಗೆ ಹೋಗಿ ಎರಡು ದಿನದ ತರಬೇತಿ ತಗೊಂಡು ಬಂದೆ. ಮಂದಿ ಸ್ವಭಾವ ತಿಳಕೊಂಡ್ರ ಮುಂದಾಳ ಕೆಲಸ ಭಾಳ ಸರಳ ಅಂತ ಅಲ್ಲಿ ಸರ್ ಹೇಳಿದ್ರು. ಅವರಿಗೇನ್ರಿ, ಅವರು ನಮ್ಮ ಶೆಡ್ ನೋಡಿಲ್ಲ.

೧. ಫಾರ್ಮು

ಸರ್ ಕೊಟ್ಟ ಫಾರ್ಮಿನ್ಯಾಗ ಇಪ್ಪತ್ತು ಪ್ರಶ್ನೆ. ಉತ್ತರ ನೋಡಿ ಮಂದಿನ್ನ ಹುಲಿ, ನವಿಲು, ಆಕಳು, ಇರುವಿ ಅಂತ ನಾಕು ಗುಂಪು ಮಾಡಬೇಕು. ಮೊದಲನೇದಾಕಿನ್ನ ಕುಂದ್ರಿಸಿಕೊಂಡು, "ಸಿಟ್ಟು ಬಂದ್ರ ನೀವೇನ ಮಾಡ್ತೀರಿ?" ಅಂತ ಕೇಳಿದೆ. ಅಕಿ ಬಾಯಿ ತಗಿಯೋದ್ರೊಳಗ ಬಾಜೂದಾಕಿ, "ಅಕಿನ್ನೇನ ಕೇಳ್ತಿ, ನಾ ಹೇಳ್ತೇನಿ ಬರಕೋ. ಭಾಂಡೆ ಎತ್ತಿ ಒಗೀತಾಳ" ಅಂದ್ಲು. "ಮತ್ತ ನೀವು?" ಅಂದ್ರ ಮೂರನೇದಾಕಿ, "ಅಕಿ ಸೀದಾ ತವರಿಗೆ ಫೋನ್ ಹಚ್ಚತಾಳ" ಅಂದ್ಲು.

ಸಂಜೀತನಕ ಇದ ಹಣೇಬರಹ. "ಹೆಸರು ಒಬ್ಬಾಕಿದು, ಉತ್ತರ ಇನ್ನೊಬ್ಬಾಕಿದು, ಇದನ್ನ ತಗೊಂಡು ಏನ ಮಾಡ್ಲಿ?" ಅಂತ ಬಾಯಿ ಬಡಕೊಂಡೆ. ನಮ್ಮೊಳಗ ಎಲ್ಲಾರಕಿಂತ ಹಿರಿಯಾಕಿ ಒಬ್ಬಾಕಿ ಅದಾಳ, ಆಯಿ ಅಂತೇವಿ. ಅಕಿ ಸಮಾಧಾನ ಮಾಡಿದ್ಲು.

"ಎಲ್ಲಾ ಖರೇನ ಬಂದೈತಿ ಬಿಡು. ಒಬ್ಬಾಕಿನೂ ತನ್ನ ಬಗ್ಗೆ ಹೇಳಿಲ್ಲಲ್ಲ!"

೨. ಆಕಳು

ಹೆಂಗೋ ಗುಂಪು ಮಾಡಿ ಗೋಡಿಗೆ ಚೀಟಿ ಅಂಟಿಸಿದೆ. ನಮ್ಮೊಳಗ ಒಬ್ಬಾಕಿ ಭಾಳ ಸೌಮ್ಯ, ಎತ್ತರದ ದನಿ ಸುದ್ದಾ ತಗಿಯಾಂಗಿಲ್ಲ. ಅಕಿನ್ನ ಆಕಳ ಗುಂಪಿಗೆ ಹಾಕಿದ್ದೆ. ಮರುದಿನ ಅಕಿ ನನ್ನ ಕೈ ಹಿಡಿದು ಶೆಡ್ಡಿನ ಹಿಂದ ಕರಕೊಂಡು ಹ್ವಾದ್ಲು. ಕಣ್ಣಾಗ ನೀರು.

"ಅಕ್ಕಾ, ನಿನ್ನ ಕೈ ಮುಗೀತೇನಿ, ಆ ಚೀಟಿ ಕಿತ್ತು ಹುಲಿ ಅಂತ ಬರೆದು ಹಚ್ಚು."

"ಯಾಕವಾ? ಆಕಳು ಅಂದ್ರ ಒಳ್ಳೇದ ಅಲ್ಲೇನು?"

"ಒಳ್ಳೇದು ಕಟಗೊಂಡು ಏನ ಮಾಡ್ಲಿ? ನನ್ನ ಸೊಸಿ ನಾಳೆ ಹಿಟ್ಟು ಕೊಡಾಕ ಇಲ್ಲಿಗೇ ಬರ್ತಾಳ!"

೩. ಸಪ್ಪಳ

ನನ್ನ ಒದ್ದಾಟ ನೋಡಿ ಆಯಿ ಕರುಳು ಚುರ್ ಅಂದಿರಬೇಕು. "ಹಾಳಿ ಬಿಡು, ಕಣ್ಣ ಮುಚ್ಚು, ಕಿವಿ ತಗಿ" ಅಂದ್ಲು. ಕಣ್ಣು ಮುಚ್ಚಿದೆ. "ಮೂಲ್ಯಾಗ ಪಟಪಟ ಅಂತ ಬಡ್ಯಾಕ ಹತ್ಯಾಳಲ್ಲ, ಅಕಿ ಗಂಡನ ಜೋಡಿ ಜಗಳಾಡಿ ಬಂದಾಳ. ಈ ಕಡೆ ಮೆತ್ತಗ ಬಡಿಯಾಕಿ ಮಗಳಿಗೆ ನೌಕರಿ ಹತ್ತೈತಿ, ಖುಷಿಯಾಗಿದಾಳ."

ಹೋಗಿ ಕೇಳಿದೆ. ಎರಡೂ ಖರೆ! ಜಗಳಾಡಿ ಬಂದಾಕಿ ರೊಟ್ಟಿ ಎತ್ತಿ ಹಿಡಿದ್ರ ಆಚಿ ಕಡೆ ಬೆರಳು ಕಾಣತಿದ್ವು. ಖುಷಿ ಇದ್ದಾಕಿದು ದಪ್ಪ. ಸಿಟ್ಟಿನ ಕೈ ತೆಳ್ಳಗ ಬಡೀತೈತಿ ಅನ್ನೋದು ಅವತ್ತ ತಿಳೀತ್ರಿ ನನಗ. ಬಾಗಲಕೋಟ್ಯಾಗ ಇದನ್ನ ಯಾರೂ ಹೇಳಿದ್ದಿಲ್ಲ.

"ಮತ್ತ ಆಯಿ, ಆ ನಡುವಿನಾಕಿ ಬಿಟ್ಟು ಬಿಟ್ಟು ಬಡ್ಯಾಕ ಹತ್ಯಾಳಲ್ಲ, ಅಕಿಗೇನಾಗೈತಿ?"

"ಅಕಿ ನಾವೇನ ಮಾತಾಡ್ತೇವಿ ಅಂತ ಕೇಳಾಕ ಹತ್ಯಾಳ."

೪. ಸೋಮವಾರ

ಸೋಮವಾರ ಮುಂಜಾನೆ ಶೆಡ್ಡಿಗೆ ಬಂದ್ರ ಎಲ್ಲಾರೂ ಕಿಸಿಕಿಸಿ ನಗಾಕ ಹತ್ತಾರ. ರೊಟ್ಟಿ ನೋಡಿದೆ. ಸಗಣಿ ಕುಳ್ಳು ಬಡದಂಗ ಬಡದಿದ್ರು! ಹನ್ನೊಂದಕ್ಕ ಮಾಲೀಕರು ಬರೋರು. ಮುಗೀತು ನನ್ನ ಕಥಿ ಅನಿಸ್ತು.

ಇವರಿಗೆ ಸಿಟ್ಟು ಬರಸಬೇಕು, ಬ್ಯಾರೆ ದಾರಿ ಇಲ್ಲ. ನಡುವ ನಿಂತು ಒದರಿದೆ: "ಇವೇನ ರೊಟ್ಟಿನಾ? ಹುನಗುಂದದ ಹೆಣ್ಣಮಕ್ಕಳು ಕಣ್ಣು ಮುಚ್ಚಿ ಬಡದ್ರೂ ಇದಕ್ಕಿಂತ ತೆಳ್ಳಗ ಬಡೀತಾರ!"

ನಗಿ ಗಪ್ ಅಂತು. ನಾ ಫಾರ್ಮು ಮೂಲಿಗೆ ಒಗೆದು, ಸೆರಗು ಕಟ್ಟಿ, ಬೇಯಿಸಾಕ ಹಂಚಿನ ಮುಂದ ಕುಂತುಬಿಟ್ಟೆ. ಆಮ್ಯಾಲೆ ಸುರು ಆತ ನೋಡ್ರಿ ಬಡಿಯೋದು, ತಗಡು ನಡುಗಿತು! ಹಂಚಿಗೆ ಬಿದ್ದಿದ್ದೆಲ್ಲಾ ಹಪ್ಪಳದಂಗ ತೆಳ್ಳಗ.

ಮಾಲೀಕರು ಬಂದು ಒಂದು ರೊಟ್ಟಿ ಬಿಸಲಿಗೆ ಹಿಡಿದು ನೋಡಿದ್ರು. ಮುರುದು ಕಟುಮ್ ಅಂತ ಕಡಿದ್ರು. ಮತ್ತೊಂದು ತಗೊಂಡ್ರು. "ನಾಳಿಂದನ ಕಳಸ್ರಿ ಅಕ್ಕಾರ, ವರ್ಷಪೂರ್ತಿ" ಅಂದ್ರು. ಗೆದ್ದೆ! ಕುಣೀಬೇಕು ಅನಿಸ್ತು ನನಗ.

ಅವರು ಹ್ವಾದ ಮ್ಯಾಲೆ ಎಲ್ಲಾರ ಮುಂದ ಕೈ ಮುಗಿದೆ. "ತಪ್ಪಾತವಾ. ನಿಮಗ ಸಿಟ್ಟು ಬರಲಿ ಅಂತ ಬೇಕಂತಲೇ ಅಂದೆ."

ಹನ್ನೊಂದೂ ಮಂದಿ ಹೊಟ್ಟಿ ಹಿಡಕೊಂಡು ನಕ್ರು.

"ಯಾರಿಗೆ ಬಂದಿತ್ತು ಸಿಟ್ಟು?" ಅಂದ್ಲು ಆಯಿ. "ತರಬೇತಿ ಮುಗಿಸಿ ಬಂದಾಗಿಂದ ನೀ ಹಾಳಿ ಹಿಡಕೊಂಡು ಅಡ್ಡಾಡಿದ್ದ ಅಡ್ಡಾಡಿದ್ದು, ಹಂಚಿನ ಮುಂದ ಒಂದು ಕೈ ಕಡಿಮಿ. ಹೆದರಿದ್ರ ಅಷ್ಟ ನೀ ಕೆಲಸಕ್ಕ ಕುಂದರತಿ ಅನ್ನೋದು ನಮಗ ಗೊತ್ತು. ಅದಕ್ಕ ಮುಂಜಾನಿಂದ ಬೇಕಂತ ದಪ್ಪ ಬಡದ್ವಿ, ನೀ ಕುಂತ ಮ್ಯಾಲೆ ತೆಳ್ಳಗ."

ಬಾದಾಮಿಗೆ ಈಗ ದಿನಾ ರೊಟ್ಟಿ ಹೋಗ್ತಾವ. ಮುಂದಾಳು ಈಗೂ ನಾನ. ಆದ್ರ ಮುಂಜಾನೆ ಒಂದ ಒಂದು ದಪ್ಪ ರೊಟ್ಟಿ ಕಣ್ಣಿಗೆ ಬಿತ್ತಂದ್ರ ಯಾಕಂತ ಯಾರನ್ನೂ ಕೇಳಾಂಗಿಲ್ರಿ, ಬಾಯಿ ಮುಚ್ಚಿಕೊಂಡು ಹೋಗಿ ಒಲಿ ಮುಂದ ಕುಂದರತೇನಿ.