ಮೊದಲ ಸಾಲಿನ ಜಮಖಾನ

ಆನೆ ಕೂತರೂ ಮುರಿಯದ ಕನ್ನಡಕ ಎಂದು ಅವನು ಬಸ್ಸಿನಲ್ಲಿ ಜಂಭ ಕೊಚ್ಚದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವನದು ಕನ್ನಡಕದ ಅಂಗಡಿ, ಫ್ರೇಮು ಹೊಸದಾಗಿ ಬಂದದ್ದು. "ನಂಬಲ್ವಾ? ನೀನೇ ಕೂತು ನೋಡು," ಎಂದು ಮೂಗಿನ ಮೇಲಿದ್ದುದನ್ನು ತೆಗೆದು ಸೀಟಿನ ಮೇಲಿಟ್ಟ. ಬೇಕರಿ ನಡೆಸುವ ಗೆಳೆಯ ಆನೆಗಿಂತ ಸಣ್ಣವನೇ. ಆದರೂ ಕೂತ ತಕ್ಷಣ ಕಟಕ್ ಎಂದಿತು.

ಇನ್ನೊಬ್ಬ ಗೆಳೆಯ, ಟೈಲರ್, ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನು ನಿನಗೆ ಕಣ್ಣು ಕಾಣುತ್ತೇನೋ, ಲೆನ್ಸು?"

"ಕಾಣದೆ ಏನು? ನಾನು ಕನ್ನಡಕ ಹಾಕೋದು ಅಂಗಡಿ ಜಾಹೀರಾತಿಗಪ್ಪ. ನನ್ನದು ಹದ್ದಿನ ಕಣ್ಣು," ಎಂದ ಲೆನ್ಸು, ಒಡೆಯದೆ ಉಳಿದ ಒಂದೇ ಒಂದು ಗಾಜನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. ನಿಜ ಹೇಳಬೇಕೆಂದರೆ ಹತ್ತು ಹೆಜ್ಜೆಯಾಚೆಗಿನ ಪ್ರಪಂಚ ಅವನಿಗೆ ಆಗಲೇ ನೀರು ಬೆರೆಸಿದ ಹಾಲಾಗಿತ್ತು.

ಮೂವರೂ ಹೊರಟಿದ್ದು ಬೇಸಿಗೆಯ ಸಂಗೀತೋತ್ಸವಕ್ಕೆ. ಓದುವ ಕಾಲದಿಂದ ಹುಚ್ಚು ಹಿಡಿಸಿದ್ದ ಬ್ಯಾಂಡು ಐದು ಗಂಟೆಗೆ ಹಾಡಲಿತ್ತು, ಅದೂ ಕೊನೆಯ ಸಲ. ಹಿಂದೆ ಮೂರು ಸಲ ಕೇಳಲು ಹೋಗಿದ್ದರು. ಮೂರು ಸಲವೂ ಲೆನ್ಸು ಹಿಂದಿನ ಸಾಲಿನಲ್ಲಿ ನಿಂತು ಜನರ ತಲೆ ನೋಡಿ ಬಂದಿದ್ದ. ಹಾಡುವವಳ ಮುಖವನ್ನು ಒಂದೇ ಒಂದು ಸಲ ಹತ್ತಿರದಿಂದ ನೋಡಬೇಕು, ಇಷ್ಟೇ ಅವನ ಆಸೆ. ಇವತ್ತು ತಪ್ಪಿದರೆ ಇನ್ನಿಲ್ಲ.

ಮೈದಾನ ತಲುಪಿದಾಗ ಎರಡು ಗಂಟೆ. ಒಂದು ಮೂಲೆಯಲ್ಲಿ ಕಹಳೆ, ಇನ್ನೊಂದರಲ್ಲಿ ಡ್ರಮ್ಮು. ಕಾಲುಗಳು ತಾವಾಗಿಯೇ ತಾಳ ಹಾಕುತ್ತಿದ್ದವು. "ನಾವು ತಿನ್ನೋಕೆ ತರ್ತೀವಿ, ನೀನು ದೊಡ್ಡ ಸ್ಟೇಜ್ ಮುಂದೆ ಜಾಗ ಹಿಡಿ," ಎಂದು ಗೆಳೆಯರು ಜಮಖಾನವನ್ನು ಅವನ ಕೈಗೆ ಕೊಟ್ಟು ಹೋದರು.

ಲೆನ್ಸು ಕಣ್ಣು ಕಿರಿದು ಮಾಡಿ ನಡೆದ. ಮುಂದೆ ಎತ್ತರವಾಗಿ, ಅಗಲವಾಗಿ ಒಂದು ಕಪ್ಪು ಪರದೆ ಕಂಡಿತು. ಅದರೆದುರು ನರಪಿಳ್ಳೆಯೂ ಇಲ್ಲ. ಅದೃಷ್ಟವೆಂದರೆ ಇದು ಎಂದು ಪರದೆಯಿಂದ ಐದೇ ಹೆಜ್ಜೆ ದೂರಕ್ಕೆ ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿ ಕೂತ. ಅನುಮಾನ ಬಂದು ಜೇಬಿನ ಗಾಜಿಗೆ ಕೈ ಹಾಕಿದ್ದುಂಟು. ಆದರೆ ಉತ್ಸವಕ್ಕೆ ಬಂದಿದ್ದ ಅರ್ಧ ಜನ ಅವನ ಊರಿನ ಗಿರಾಕಿಗಳು. ಅವರೆದುರು ಒಡೆದ ಕನ್ನಡಕದ ಗಾಜು ಹಿಡಿದು ಕೂರುವುದೇ? ಕೈ ವಾಪಸ್ಸು ಬಂತು.

ಅಷ್ಟರಲ್ಲಿ ಕೊಡೆ ಹಿಡಿದ ನಿವೃತ್ತ ಪೋಸ್ಟ್ ಮಾಸ್ಟರು ಹತ್ತಿರ ಬಂದರು. ಯಾರ ಮನೆಗೆ ಎಂಥ ಕಾಗದ ಬಂತೆಂದು ಮೂವತ್ತು ವರ್ಷ ಕುತೂಹಲಪಟ್ಟ ಜೀವ ಅದು.

"ಏನ್ರೀ, ಇಲ್ಲೇನು ಶುರುವಾಗುತ್ತೆ?"

"ನೋಡ್ತಾ ಇರಿ ಸಾರ್," ಎಂದ ಲೆನ್ಸು ಗತ್ತಿನಿಂದ. "ಇದನ್ನ ಬಿಟ್ಟು ಬೇರೆ ಕಡೆ ಹೋದವರು ಆಮೇಲೆ ಅಳ್ತಾರೆ."

ಪೋಸ್ಟ್ ಮಾಸ್ಟರು ಜಮಖಾನದ ಅಂಚಿಗೆ ಕೂತೇ ಬಿಟ್ಟರು. ಅವರನ್ನು ನೋಡಿ ಮೂರು ಮಕ್ಕಳ ತಾಯಿ ಕೂತಳು. ಆಕೆಯನ್ನು ನೋಡಿ ಒಂದು ಕಾಲೇಜಿನ ಗುಂಪು. "ಕನ್ನಡಕದಂಗಡಿಯವರೇ ನೋಡಿ ಕೂತಿದ್ದಾರೆ ಅಂದ್ಮೇಲೆ ಸುಮ್ನೆ ಇರುತ್ತಾ?" ಎಂದು ಯಾರೋ ಹೇಳಿದ್ದು ಕಿವಿಯಿಂದ ಕಿವಿಗೆ ಹೋಯಿತು. ಮೂರೂವರೆಯ ಹೊತ್ತಿಗೆ ಹಿಂದೆ ಐನೂರು ಜನ.

ಪರದೆಯ ಒಳಗಿನಿಂದ ಠಣ್ ಎಂದಿತು. ಮತ್ತೆ ಠಣ ಠಣ. ಐನೂರು ಬಾಯಿ ಒಟ್ಟಿಗೆ ಮುಚ್ಚಿದವು.

"ವಾದ್ಯ ಶ್ರುತಿ ಮಾಡ್ಕೊಳ್ತಿದ್ದಾರೆ," ಪೋಸ್ಟ್ ಮಾಸ್ಟರು ಪಿಸುಗುಟ್ಟಿದರು. "ಲೋಹದ್ದು. ವಿದೇಶಿ ವಾದ್ಯ ಇರಬೇಕು."

ಆಮೇಲೆ ಸರ್ರನೆ ನೀರಿನ ಸದ್ದು. "ಓಹೋ, ಜಲತರಂಗ!" ಅಷ್ಟರಲ್ಲಿ ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಬಂದು ಬಕೆಟ್ ನೀರು ಚೆಲ್ಲಿ ಒಳಗೆ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಕೈ ಗಾಬರಿಯಾಗಿರಬೇಕು, ಮತ್ತೆ ಬರಲಿಲ್ಲ.

ನಾಲ್ಕೂವರೆಗೆ ಟೈಲರ್ ಜನರ ಸಂದಿಯಲ್ಲಿ ನುಸುಳಿಕೊಂಡು ಬಂದು ಲೆನ್ಸುವಿನ ಕಿವಿಗೆ ಬಾಯಿಟ್ಟ. "ಆಗಿನಿಂದ ಹುಡುಕ್ತಿದ್ದೀವಿ, ಇಲ್ಲೇನು ಮಾಡ್ತಿದ್ದೀಯೋ ಮಾರಾಯ? ಇದು ಹೋಟೆಲಿನವರು ಪಾತ್ರೆ ತೊಳೆಯೋ ಜಾಗ! ಸ್ಟೇಜು ಆ ತುದೀಲಿದೆ."

ಲೆನ್ಸು ಹಿಂದೆ ತಿರುಗಿ ನೋಡಿದ. ಮುಖಗಳು ಕಾಣದಿದ್ದರೂ ಸಂಖ್ಯೆ ಕಾಣುತ್ತಿತ್ತು. ಸತ್ಯ ಹೇಳಿದರೆ ಇವನನ್ನೇ ಆ ಬಕೆಟಿಗೆ ಅದ್ದುತ್ತಾರೆ!

"ಸಾರ್, ಜಮಖಾನ ನೋಡ್ಕೊಳ್ಳಿ, ಈಗ ಬಂದೆ," ಎಂದು ಪೋಸ್ಟ್ ಮಾಸ್ಟರಿಗೆ ಹೇಳಿ ಕಾಲಿಗೆ ಬುದ್ಧಿ ಹೇಳಿದ.

ನಿಜವಾದ ಸ್ಟೇಜಿನ ಮುಂದೆ ಬೇಕರಿಯವನೊಬ್ಬನೇ ಕಂಬಿ ಹಿಡಿದು ನಿಂತಿದ್ದ. ಮೊದಲ ಸಾಲು ಪೂರ್ತಿ ಖಾಲಿ. ಲೆನ್ಸುವಿಗೆ ಕಣ್ಣಲ್ಲಿ ನೀರೇ ಬಂತು. ಮೂರು ಸಲದ ತಲೆಗಳಿಗೆಲ್ಲ ಇವತ್ತು ಪರಿಹಾರ ಸಿಕ್ಕಿತೆಂದುಕೊಂಡ. ಐದಾಯಿತು. ಐದೂಕಾಲಾಯಿತು. ಸ್ಟೇಜಿನ ಮೇಲೆ ಒಬ್ಬ ವೈರು ಸುತ್ತುತ್ತಿದ್ದ.

"ಬ್ಯಾಂಡು ಯಾವಾಗಪ್ಪಾ?" ಎಂದು ಟೈಲರ್ ಕೂಗಿದ.

"ಇಲ್ಲಿ ಇವರೊಬ್ಬರನ್ನ ಬಿಟ್ರೆ ಯಾರೂ ಇರ್ಲಿಲ್ಲ ಸಾರ್. ಜನ ಎಲ್ಲಿದ್ದಾರೋ ಅಲ್ಲೇ ಲಾರಿ ಮೇಲೆ ನಿಂತು ಹಾಡ್ತೀವಿ ಅಂತ ಸ್ಟೇಜ್ ಹಿಂದಿನಿಂದ್ಲೇ ತಿರುಗಿಸ್ಕೊಂಡು ಆ ಕಡೆ ಹೋದ್ರು. ಪಾತ್ರೆ ತೊಳೆಯೋ ಜಾಗದ ಪಕ್ಕ."

ಆಗಲೇ ದೂರದಿಂದ ಗಿಟಾರು ಮೊಳಗಿತು. ಇಡೀ ಉತ್ಸವ ಅತ್ತ ಓಡುತ್ತಿತ್ತು. ಮೂವರೂ ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಕೊನೆಯ ಸಾಲು ಮಾತ್ರ ಉಳಿದಿತ್ತು. ಹಾಡು ಸೊಗಸಾಗಿತ್ತು. ಅದು ಮುಗಿದಾಗ ಹಾಡುಗಾರ್ತಿಯ ಧ್ವನಿ ಕೇಳಿಸಿತು.

"ಬಿಸಿಲಲ್ಲಿ ಮೂರು ಗಂಟೆ ಕಾದು, ಈ ಜಾಗಕ್ಕೆ ಇಷ್ಟು ಜನರನ್ನ ಸೇರಿಸಿದೋರು ಯಾರೋ ಇದ್ದಾರಂತೆ. ಆ ಜಮಖಾನದೋರು ದಯವಿಟ್ಟು ಮೇಲೆ ಬನ್ನಿ. ಮುಂದಿನ ಹಾಡು ನಿಮ್ಮ ಜೊತೆ ನಿಂತು ಹಾಡ್ತೀನಿ!"

"ನಾನು! ನಾನು!" ಲೆನ್ಸು ಎರಡೂ ಕೈ ಎತ್ತಿ ಕುಣಿದ.

ಮುಂದಿದ್ದ ಅಗಲ ಟೋಪಿಯ ಹೆಂಗಸು ತಿರುಗಿ ಗದರಿದಳು. "ಸುಮ್ನಿರ್ರೀ! ಆಗ್ಲೇ ಹತ್ತು ಜನ ನಾನು ನಾನು ಅಂತಿದ್ದಾರೆ."

"ಯಾರೋ ಹತ್ತಿದರು ಕಣೋ," ಎಂದ ಟೈಲರ್, ತುದಿಗಾಲಲ್ಲಿ ನಿಂತು. "ಮುದುಕರು. ಒಂದು ಕೈಲಿ ಕೊಡೆ, ಕಂಕುಳಲ್ಲಿ ನಿನ್ನ ಜಮಖಾನ. ಅವಳು ತಬ್ಕೊಂಡೇ ಬಿಟ್ಲು!"

ಮೈಕಿನಲ್ಲಿ ಪೋಸ್ಟ್ ಮಾಸ್ಟರ ದನಿ ಕೇಳಿಸಿತು. "ಅಮ್ಮಾ, ಬಹಳ ಸಂತೋಷ. ನೀವು ಯಾರು ಅಂತ ಗೊತ್ತಾಗಲಿಲ್ಲ. ಆ ಜಲತರಂಗದವರು ಯಾವಾಗ ಬರ್ತಾರೆ?"

ಮೈದಾನವೆಲ್ಲ ನಕ್ಕಿತು. ಲೆನ್ಸುವಿಗೆ ಇನ್ನು ತಡೆಯಲಾಗಲಿಲ್ಲ. ಗಿರಾಕಿಗಳು ನೋಡಿದರೆ ನೋಡಲಿ ಎಂದು ಜೇಬಿನ ಗಾಜು ತೆಗೆದು ಕಣ್ಣಿಗೆ ಹಿಡಿದ.

"ಕಾಣ್ತಿದೆಯೇನೋ?" ಎಂದ ಬೇಕರಿಯವನು.

"ಸ್ಪಷ್ಟವಾಗಿ," ಎಂದ ಲೆನ್ಸು. ಟೋಪಿಯ ಹಿಂಭಾಗದ ಹೊಲಿಗೆ ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.