ಜೋಮಾಲೆಯನ್ನು ನೀರಿನಲ್ಲಿ ತೂಗಿದ್ದು

ಚಿನ್ನದ ವಿಷಯದಲ್ಲಿ ನಾನು ಯಾರ ಮಾತನ್ನೂ ಸುಮ್ಮನೆ ನಂಬುವವನಲ್ಲ. ಅಕ್ಕಸಾಲಿಯ ಒರೆಗಲ್ಲನ್ನು ಲೋಕವೆಲ್ಲ ನಂಬುತ್ತದೆ. ಆದರೆ ಆ ಕಲ್ಲನ್ನು ಒರೆಗೆ ಹಚ್ಚಿದವರು ಯಾರು? ಈ ಪ್ರಶ್ನೆಯನ್ನು ನಾನು ವಿರಾಜಪೇಟೆಯ ಸಂತೆಯಲ್ಲಿ ಮೂವರು ಗಣ್ಯರ ಮುಂದೆ ಇಟ್ಟಿದ್ದೆ. ಇಬ್ಬರು ಉತ್ತರ ಕೊಡಲಿಲ್ಲ. ಮೂರನೆಯವರು ವೀಳ್ಯದೆಲೆ ಕೊಟ್ಟರು.

ಆ ವರ್ಷ ಪೇಟೆಗೆ ರೋಲ್ಡ್‌ಗೋಲ್ಡ್ ಬಂದಿತ್ತು. ಹಿತ್ತಾಳೆಯ ಮೇಲೆ ತೆಳುವಾಗಿ ಚಿನ್ನ ಹೊದಿಸಿದ ಬಳೆ, ಉಂಗುರ, ಗಡಿಯಾರದ ಸರಪಳಿ. ಅವು ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುತ್ತಿದ್ದ ರೀತಿಗೆ ನಿಜವಾದ ಚಿನ್ನವೇ ನಾಚಬೇಕು. ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಅಂಥದೊಂದು ಸರಪಳಿಯನ್ನು ಕೋಟಿಗೆ ಸಿಕ್ಕಿಸಿಕೊಂಡು ಬಂದು, "ಇನ್ನು ಹತ್ತೇ ವರ್ಷ ಗೌಡ್ರೇ, ಚಿನ್ನವನ್ನು ಕೇಳುವವರೇ ಇರುವುದಿಲ್ಲ" ಎಂದರು. ಪತ್ರಿಕೆಯಲ್ಲೂ ಹಾಗೇ ಬಂದಿದೆಯಂತೆ. ನಾನು ರೈಟರನ್ನೂ ನಂಬಲಿಲ್ಲ, ಪತ್ರಿಕೆಯನ್ನೂ ನಂಬಲಿಲ್ಲ. ಅಗ್ಗದ ಲೋಹ ಅಂಗಡಿಯಲ್ಲಿ ಕುಳಿತಿದ್ದರೆ ಚಿನ್ನದ ಬೆಲೆ ಬೀಳುವುದಿಲ್ಲ; ಚಿನ್ನದ ಹೆಸರು ಹೇಳಿಕೊಂಡು ಅದು ನಮ್ಮ ಪೆಟ್ಟಿಗೆಯೊಳಗೇ ಬಂದು ಕುಳಿತಾಗ ಬೀಳುತ್ತದೆ. ಆದ್ದರಿಂದ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಚಿನ್ನವನ್ನು ತಾನೇ ಪರೀಕ್ಷಿಸಿಕೊಳ್ಳತಕ್ಕದ್ದು. ಇದು ನನ್ನ ಸಿದ್ಧಾಂತ.

ಸಿದ್ಧಾಂತ ಪೂರ್ತಿಯಾದಾಗ ಮಗಳು ದೇವಕಿಯ ಮದುವೆಗೆ ಆರು ದಿನ ಉಳಿದಿತ್ತು.

ನಮ್ಮವರಲ್ಲಿ ಜೋಮಾಲೆಯಿಲ್ಲದ ಮದುಮಗಳ ಕೊರಳನ್ನು ಯಾರೂ ಕೊರಳೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಪ್ಪು ದಾರಕ್ಕೆ ಚಿನ್ನದ ದಪ್ಪ ಗುಂಡುಗಳನ್ನು ಪೋಣಿಸಿದ ಸರ ಅದು. ನಮ್ಮಲ್ಲಿದ್ದದ್ದನ್ನು ನನ್ನ ಹೆಂಡತಿ ಪೂವಮ್ಮ ತವರಿನಿಂದ ತಂದಿದ್ದಳು. ಅವಳ ತಾಯಿ ಧರಿಸಿದ್ದು, ಆ ತಾಯಿಯ ತಾಯಿಯೂ ಧರಿಸಿದ್ದು. ದೇವಕಿ ಹುಟ್ಟಿದಂದಿನಿಂದ ಅದು ಅವಳ ಕೊರಳಿಗಾಗಿ ಪೆಟ್ಟಿಗೆಯಲ್ಲಿ ಕಾಯುತ್ತಿತ್ತು.

ನನ್ನ ಬಳಿ ಇಂಗ್ಲಿಷಿನ ಒಂದು ಪದಾರ್ಥವಿಜ್ಞಾನದ ಪುಸ್ತಕವಿದೆ. ವಿಲಾಯತಿಗೆ ಮರಳುವ ದೊರೆಯೊಬ್ಬರು ಮನೆಯ ಸಾಮಾನು ಹರಾಜು ಹಾಕಿದಾಗ ಕೊಂಡದ್ದು. ನಾನು ಯಾವ ಶಾಲೆಯಲ್ಲೂ ಇಂಗ್ಲಿಷು ಕಲಿತವನಲ್ಲ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಪುಟಕ್ಕೊಂದು ವಾರದಂತೆ ಮೂವತ್ತೆರಡು ಪುಟಗಳನ್ನು ಜಯಿಸಿದ್ದೆ. ಮೂವತ್ತೆರಡನೆಯ ಪುಟದ ಪ್ರಕಾರ, ವಸ್ತುವನ್ನು ಮೊದಲು ಗಾಳಿಯಲ್ಲಿ ತೂಗಬೇಕು, ಆಮೇಲೆ ನೀರಿನಲ್ಲಿ ಮುಳುಗಿಸಿ ತೂಗಬೇಕು, ಮೊದಲ ತೂಕವನ್ನು ವ್ಯತ್ಯಾಸದಿಂದ ಭಾಗಿಸಬೇಕು. ಚಿನ್ನವಾದರೆ ಉತ್ತರ ಹತ್ತೊಂಬತ್ತರ ಆಸುಪಾಸು. ಒರೆಗಲ್ಲಿಗೆ ಪಕ್ಷಪಾತವಿರಬಹುದು, ನೀರಿಗೆಲ್ಲಿ?

"ಜೋಮಾಲೆ ಸ್ವಲ್ಪ ಕೊಡು" ಎಂದೆ.

"ಎಂತಕ್ಕೆ?"

"ತೊಳೆದು ಕೊಡುತ್ತೇನೆ." ಇದು ಪೂರ್ತಿ ಸುಳ್ಳಲ್ಲ. ನೀರು ಇದ್ದೇ ಇತ್ತು.

"ನೀವು ತೊಳೆಯುವುದಾ? ಉಂಡ ಕೈಯನ್ನೇ ಎರಡು ಸಲ ನೆನಪು ಮಾಡಿದ ಮೇಲೆ ತೊಳೆಯುವವರು!" ಎಂದಳು. ಆದರೂ ಮದುವೆಯ ಗಡಿಬಿಡಿಯಲ್ಲಿ ಪೆಟ್ಟಿಗೆಯ ಬೀಗದಕೈ ಎಸೆದಳು.

ಏಲಕ್ಕಿ ತೂಗುವ ತಕ್ಕಡಿಯಲ್ಲಿ ಕಾರ್ಯ ಆರಂಭವಾಯಿತು. ಗಾಳಿಯಲ್ಲಿ ತೂಗಿದೆ, ನೀರಿನಲ್ಲಿ ತೂಗಿದೆ, ಭಾಗಿಸಿದೆ. ಉತ್ತರ ಐದನ್ನೂ ಮುಟ್ಟಲಿಲ್ಲ! ಮತ್ತೆ ತೂಗಿದೆ. ಐದು ಹಾಗಿರಲಿ, ಮೊದಲಿಗಿಂತ ಇನ್ನಷ್ಟು ಕೆಳಗಿಳಿಯಿತು. ಗಂಡನಾಗಿ ನನಗೆ ದುಃಖವಾಯಿತು. ಪಂಡಿತನಾಗಿ ಆದ ಸಂತೋಷವನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಪೂವಮ್ಮ, ಧೈರ್ಯ ತಂದುಕೋ. ನಿನ್ನ ತವರಿನ ಚಿನ್ನ ಚಿನ್ನವಲ್ಲ. ರೋಲ್ಡ್‌ಗೋಲ್ಡ್."

"ನನ್ನ ಅಜ್ಜಿಯ ಕಾಲಕ್ಕೆ ರೋಲ್ಡ್‌ಗೋಲ್ಡ್ ಎಲ್ಲಿಂದ ಬರಬೇಕು?"

"ವಂಚನೆಗೆ ಕಾಲದ ಹಂಗಿಲ್ಲ" ಎಂದು ಗಂಭೀರವಾಗಿ ನುಡಿದು, ಅವಳ ಅಣ್ಣನಿಗೆ ಹೇಳಿ ಕಳಿಸಿದೆ.

ಭಾವ ಮರುದಿನ ಬೆಳಿಗ್ಗೆಯೇ ಬಂದರು. ಮದುಮಗಳ ಸೋದರಮಾವ, ಮಂಟಪದಲ್ಲಿ ಅವರು ನಿಲ್ಲದಿದ್ದರೆ ಯಾವ ಶಾಸ್ತ್ರವೂ ಮುಂದೆ ಹೋಗದು. ಮಾತು ಕಡಿಮೆ, ಮೀಸೆ ಹೆಚ್ಚು.

"ಭಾವ, ಈ ಸರದಲ್ಲಿ ಚಿನ್ನ ಎಷ್ಟಿದೆಯೆಂದು ತಮಗೆ ಗೊತ್ತೇ?"

"ಇಲ್ಲ. ಮಗಳಿಗೆ ತೂಗಿ ಕೊಡುವ ಕ್ರಮ ನಮ್ಮಲ್ಲಿಲ್ಲ."

"ನಾನು ತೂಗಿದ್ದೇನೆ."

ನಾನು ಕಾಗದ ಬಿಡಿಸಿ ಲೆಕ್ಕ ಓದಿದೆ. ಅವರು ಕೊನೆಯವರೆಗೂ ಕೇಳಿದರು.

"ನಮ್ಮ ಅವ್ವ ಮಗಳಿಗೆ ಸುಳ್ಳು ಚಿನ್ನ ಕೊಟ್ಟಿದ್ದಾಳೆ ಅಂತಲಾ ನೀವು ಹೇಳುವುದು?"

"ನಾನು ಹೇಳುತ್ತಿಲ್ಲ ಭಾವ. ನೀರು ಹೇಳುತ್ತಿದೆ."

"ಹಾಗಾದರೆ ಮದುವೆಗೆ ಸೋದರಮಾವನ ಬದಲು ಆ ನೀರನ್ನೇ ಒಂದು ಚೊಂಬಿನಲ್ಲಿ ತಂದು ನಿಲ್ಲಿಸಿ" ಎಂದು ಕೊಡೆ ತೆಗೆದುಕೊಂಡು ಹೊರಟೇಹೋದರು. ಇಟ್ಟ ಕಾಫಿ ಹಾಗೇ ಆರಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸತ್ಯ ನನ್ನ ಪಕ್ಷದಲ್ಲಿರುವಾಗ ನಾನು ನಿಲ್ಲಿಸಿದ ಉದಾಹರಣೆಯಿಲ್ಲ. ಮೂರು ತಲೆಮಾರಿನ ಕೊಳೆ ಲೆಕ್ಕವನ್ನು ಕೆಡಿಸಿತೆಂದು ನಾಳೆ ಯಾರೂ ಆಕ್ಷೇಪಿಸಬಾರದಲ್ಲ? ಒಲೆಯ ಮೇಲೆ ನೀರಿಟ್ಟು, ಅಂಟುವಾಳಕಾಯಿ ಹಾಕಿ, ಜೋಮಾಲೆಯನ್ನು ಕುದಿಸಿದೆ. ಸ್ವಲ್ಪ ಹೊತ್ತಿನಲ್ಲಿ ಗುಂಡುಗಳ ತೂತಿನಿಂದ ಕಪ್ಪುಗೆಂಪಿನ ಅಂಟು ಜಿನುಗತೊಡಗಿತು.

"ಸಿಕ್ಕಿತು! ಕಳ್ಳ ಸಿಕ್ಕಿದ! ಎಲ್ಲರೂ ಬನ್ನಿ!"

ಎಲ್ಲರೂ ಬಂದರು. ಸರವನ್ನು ಸೌಟಿನಿಂದ ಎತ್ತಿ, ಒಳಗಿನ ಪೊಳ್ಳನ್ನು ತೋರಿಸಲು ಒಂದು ಗುಂಡನ್ನು ಹೆಬ್ಬೆರಳಿನಿಂದ ಒತ್ತಿದೆ. ಅಪ್ಪಚ್ಚಿಯಾಯಿತು. ವಿಜ್ಞಾನದಲ್ಲಿ ಒಂದು ನಿದರ್ಶನ ಸಾಲದು, ಇನ್ನೊಂದನ್ನು ಒತ್ತಿದೆ. ಏಳನೆಯ ನಿದರ್ಶನಕ್ಕೆ ಪೂವಮ್ಮ ನನ್ನ ಕೈ ಹಿಡಿದಳು.

"ಅಪ್ಪ, ಅದು ಅರಗು" ಎಂದಳು ದೇವಕಿ.

"ಹೌದು ಮಗಳೇ! ಚಿನ್ನದೊಳಗೆ ಅರಗು!"

"ಜೋಮಾಲೆಯ ಗುಂಡಿನೊಳಗೆ ಅರಗೇ ಇರುವುದು ಅಪ್ಪ."

"ಯಾರು ಹೇಳಿದರು ನಿನಗೆ?"

"ಯಾರು ಹೇಳಬೇಕು? ಎಲ್ಲರಿಗೂ ಗೊತ್ತುಂಟು."

ಎಲ್ಲರಿಗೂ ಗೊತ್ತಿರುವುದನ್ನು ಸಂಶಯಿಸುವುದೇ ನನ್ನ ಜೀವಮಾನದ ವೃತ್ತಿಯಾದ್ದರಿಂದ, ಮರುದಿನ ಗಾಡಿ ಕಟ್ಟಿಸಿ ವಿರಾಜಪೇಟೆಯ ಆಚಾರಿಯ ಬಳಿಗೆ ಹೋದೆ. ಪೂವಮ್ಮನೂ ಬಂದಳು. ಸರವನ್ನು ನನ್ನ ಕೈಗೆ ಬಿಟ್ಟು ಕಳಿಸುವ ಉದ್ದೇಶ ಅವಳಿಗಿರಲಿಲ್ಲ. ಆಚಾರಿ ಒಂದು ಗುಂಡನ್ನು ಅದೇ ಒರೆಗಲ್ಲಿಗೆ ಉಜ್ಜಿ ನೋಡಿದ.

"ಅಪ್ಪಟ ಚಿನ್ನ ಗೌಡ್ರೇ. ಈಗ ಇಂಥದ್ದು ಎಲ್ಲಿ ಸಿಕ್ತದೆ?"

"ಹಾಗಾದರೆ ಆ ಅರಗು?"

"ತಗಡು ಇಷ್ಟು ತೆಳು. ಒಳಗೆ ಅರಗು ಇದ್ದರೆ ತಾನೇ ಗುಂಡು ಗುಂಡಾಗಿ ನಿಲ್ಲುವುದು? ಒಳಗೂ ಚಿನ್ನವೇ ತುಂಬಿದರೆ ಮದುಮಗಳಿಗೆ ತಲೆ ಎತ್ತಲಿಕ್ಕುಂಟಾ?" ಅವನು ಅಪ್ಪಚ್ಚಿಯಾದ ಗುಂಡುಗಳನ್ನು ಒಂದೊಂದಾಗಿ ಎಣಿಸಿದ. "ಇದನ್ನು ಬಿಸಿನೀರಿಗೆ ಹಾಕಿದ ಪುಣ್ಯಾತ್ಮ ಯಾರು?"

"ಮನೆಯಲ್ಲಿ ಯಾರೋ..." ಎಂದೆ.

"ಇವರೇ" ಎಂದಳು ಪೂವಮ್ಮ.

ಮೂರು ತಲೆಮಾರು ಅಗ್ಗದ ಅರಗು ಒಳಗೇ ಇದ್ದರೂ ಆ ಚಿನ್ನದ ಬೆಲೆಗೆ ಕುಂದು ಬಂದಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಅದನ್ನು ಹೊರಗೆ ತೆಗೆದು ಬೆಲೆಯನ್ನು ಯಶಸ್ವಿಯಾಗಿ ಇಳಿಸಿದ ಕೀರ್ತಿ ನನ್ನದು. ಸರಿಮಾಡಲು ಹತ್ತು ದಿನ ಬೇಕೆಂದ ಆಚಾರಿ. ಮದುವೆಗೆ ಉಳಿದದ್ದು ನಾಲ್ಕು.

ದೇವಕಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. "ಹಾಗಾದರೆ ನಾನೆಂತ ಹಾಕಿಕೊಳ್ಳುವುದು?" ಎಂದಷ್ಟೇ ಕೇಳಿ ಖಾಲಿ ಪೆಟ್ಟಿಗೆಯನ್ನು ಮುಚ್ಚಿಟ್ಟಳು.

"ಅಣ್ಣನ ಮನೆಯಲ್ಲಿ ಅತ್ತಿಗೆಯದ್ದು ಒಂದುಂಟು" ಎಂದಳು ಪೂವಮ್ಮ. "ಹೋಗಿ ಕೇಳಿ. ನಾನು ಬರುವುದಿಲ್ಲ. ನೀವೇ ಹೋಗಿ."

ದಾರಿಯುದ್ದಕ್ಕೂ ಒಂದು ಭಾಷಣ ರಚಿಸಿದೆ. ಅದರಲ್ಲಿ ಪೀಠಿಕೆಯಿತ್ತು, ಪೂರ್ವಪಕ್ಷವಿತ್ತು, ಪುಸ್ತಕದ ಮೂವತ್ತಮೂರನೆಯ ಪುಟ ಹರಿದುಹೋಗಿದ್ದರ ಕುರಿತು ಒಂದು ಟಿಪ್ಪಣಿಯೂ ಇತ್ತು. ಜಗಲಿಯಲ್ಲಿ ಭಾವ ಮೀಸೆ ತಿರುವುತ್ತಾ ಕುಳಿತಿದ್ದರು. ನೋಡಿದೊಡನೆ ಭಾಷಣವೆಲ್ಲ ಮರೆತುಹೋಯಿತು.

"ತಪ್ಪಾಯಿತು ಭಾವ."

ಆಧಾರಗಳನ್ನು ಒದಗಿಸದೆ ನಾನು ಆಡಿದ ಮೊದಲ ವಾಕ್ಯ ಅದು.

ಒಳಗಿನಿಂದ ಭಾವನ ಹೆಂಡತಿ ಬಂದು, "ಕೂತುಕೊಳ್ಳಿ, ಬಾಯಾರಿಕೆಗೆ ಎಂತ ಕೊಡಲಿ? ನೀರು ಕೊಡಲಿಕ್ಕೆ ಹೆದರಿಕೆಯಾಗ್ತದೆ" ಎಂದರು.

ಭಾವನ ಮೀಸೆ ಅಲ್ಲಾಡಿತು. "ಮಗು ನಮ್ಮದೂ ಹೌದು. ಮದುವೆಗೆ ಬರ್ತೇವೆ, ಜೋಮಾಲೆಯನ್ನೂ ತರ್ತೇವೆ. ಆದರೆ ನಿಮ್ಮ ಕೈಗೆ ಕೊಡುವುದಿಲ್ಲ."

ಮಾತಿಗೆ ತಪ್ಪಲಿಲ್ಲ. ಭಾವನ ಹೆಂಡತಿ ತಾವೇ ದೇವಕಿಯ ಕೊರಳಿಗೆ ಸರ ಹಾಕಿ, ಮಂಟಪದಲ್ಲಿ ಅವಳ ಪಕ್ಕದಲ್ಲೇ ನಿಂತರು. ಮಗಳ ಮುಖ ಅರಳಿತ್ತು. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸಿದರು. ನನ್ನ ಸರದಿ ಬಂತು. ಅಕ್ಕಿ ಹಿಡಿದು ಬಾಗಿದೆ. ಭಾವನ ಹೆಂಡತಿ ನಗುನಗುತ್ತಲೇ ತಮ್ಮ ಅಂಗೈಯನ್ನು ಜೋಮಾಲೆಯ ಮೇಲೆ ಅಡ್ಡ ಇಟ್ಟರು. ದೇವಕಿ ತುಟಿ ಕಚ್ಚಿ ನಗು ತಡೆದಳು. ಹಿಂದೆ ನಿಂತಿದ್ದವರು ತಡೆಯಲಿಲ್ಲ.

ಹರಸಿ ಒಂದು ಹೆಜ್ಜೆ ಹಿಂದೆ ಸರಿದೆ. ಅವರ ಕೈ ಅಲ್ಲೇ ಇತ್ತು. ಎರಡು ಹೆಜ್ಜೆ. ಇನ್ನೂ ಇತ್ತು. ಮೂರನೆಯ ಹೆಜ್ಜೆಗೆ ಇಳಿಯಿತು.

ನಾನು ಜೀವನದಲ್ಲಿ ಮಾಡಿದ ಅಳತೆಗಳ ಪೈಕಿ ಈ ಮೂರು ಹೆಜ್ಜೆಯದೊಂದನ್ನು ಮಾತ್ರ ಇದುವರೆಗೆ ಯಾರೂ ತಪ್ಪೆಂದು ಹೇಳಿಲ್ಲ!