ಹಳದಿ ಧ್ವಜಕ್ಕೊಂದು ಮೀನು ಬೇಕು

ಬ್ಯಾಂಕಾಕಿನ ನದಿ ದೋಣಿಗಳಿಗೆ ಧ್ವಜದ ಬಣ್ಣ ಆರಿಸುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಅಪ್ಪಣೆಯಿಲ್ಲದೆ ಬೀಸಲು ನದಿಯ ಗಾಳಿಯೂ ಸಂಕೋಚಪಡುವಂತೆ ಧ್ವಜಗಳನ್ನು ಆಳುತ್ತಿರುವ ತಮಗೆ, ಜೋಡಿಸಿದ ಕೈಗಳನ್ನು ಹಣೆಗೆ ಮುಟ್ಟಿಸಿ ನಮಸ್ಕಾರಗಳು.

ಎಲ್ಲ ದೋಣಿಕಟ್ಟೆಗಳಲ್ಲೂ ನಿಲ್ಲುವ ದೋಣಿಗೆ ಹಳದಿ, ನಡುವೆ ಎಲ್ಲೂ ನಿಲ್ಲದೆ ಓಡುವುದಕ್ಕೆ ಎಳೆ ಹಸಿರು. ಒಂದೇ ಆಕಾರ, ಒಂದೇ ಅಳತೆ, ಮೇಲೊಂದು ಅಕ್ಷರವೂ ಇಲ್ಲ. ಇಂಥ ಸರಳತೆ ಕವಿತೆಯಲ್ಲೂ ಅಪರೂಪ. ನನ್ನ ಗಂಡ ವಿಚಾನ್‌ಗಂತೂ ಅದು ಇನ್ನೂ ಸರಳ, ಏಕೆಂದರೆ ಹುಟ್ಟಿದಾಗಿನಿಂದ ಅವರ ಕಣ್ಣಿಗೆ ಆ ಎರಡೂ ಒಂದೇ ಬಣ್ಣ.

ಕಳೆದ ವಾರ ನಮ್ಮ ಮಗ ಪಕಾರನ್‌ನ ಮದುವೆ. ವಧೂವರರ ತಲೆಗಳನ್ನು ಜೋಡಿಸುವ ಬಿಳಿ ನೂಲನ್ನು ಭಿಕ್ಷುಗಳಿಂದ ಮಂತ್ರಿಸಿಕೊಂಡು ತರಲು ವಿಚಾನ್ ಬೌದ್ಧ ವಿಹಾರಕ್ಕೆ ಹೋಗಿದ್ದರು. ಮುಹೂರ್ತ ಮೀರುತ್ತಿತ್ತು. ಬಾಳೆಗಿಡ, ಕಬ್ಬು, ಉದ್ದನೆಯ ಡೋಲುಗಳೊಂದಿಗೆ ನಮ್ಮ ದಿಬ್ಬಣ ಹುಡುಗಿಯ ಮನೆಯ ದೋಣಿಕಟ್ಟೆಯಲ್ಲಿ ಕಾಯುತ್ತಿದ್ದಾಗ ದೋಣಿ ಬಂತು, ಬಂದ ವೇಗದಲ್ಲೇ ಹೋಯಿತು; ನೂಲು ಹಿಡಿದಿದ್ದ ವರನ ತಂದೆ ನಮ್ಮತ್ತ ಕೈ ಬೀಸುತ್ತಲೇ ಮರೆಯಾದರು.

ಫೋನು ಮಾಡಿದೆ. “ಬಾವುಟ ಯಾವ ಬಣ್ಣ ರೀ?”

“ಬಾಳೆಹಣ್ಣಿನ ಬಣ್ಣ ಕಣೇ.”

“ಹಣ್ಣೋ, ಕಾಯೋ?”

“ಅದು ಗೊತ್ತಾಗಿದ್ರೆ ನಾನ್ಯಾಕೆ ನದಿ ಮಧ್ಯ ಇರ್ತಿದ್ದೆ?”

ದೋಣಿ ಬದಲಿಸಿದರು, ತಮ್ಮ ದಯೆಯಿಂದ ಅದೂ ಹಸಿರೇ ಆಗಿ, ಈ ಸಲ ಎದುರು ದಿಕ್ಕಿನಲ್ಲಿ ನಮ್ಮನ್ನು ದಾಟಿದರು. ಹುಡುಗಿಯ ಸೋದರತ್ತೆ ಸಾಯ್‌ಸುನಿ ಸೊಂಟಕ್ಕೆ ಕೈಯಿಟ್ಟು, “ಬೀಗರಿಗೆ ಹುಡುಗಿ ಒಪ್ಪಿಗೆ ಇಲ್ವೋ, ಇಲ್ಲಾ ಟಿಕೆಟ್ಟಿನ ದುಡ್ಡು ವಸೂಲಿ ಮಾಡ್ಕೊಳ್ತಿದಾರೋ?” ಎಂದರು.

ನಾನು ಫೋನಿನಲ್ಲಿ ಕಿರುಚಿದೆ: “ಕೊನೇ ಕಟ್ಟೇಲಿ ಇಳೀರಿ. ಅಲ್ಲಾಡಬೇಡಿ. ಮದುವೇನೇ ಅಲ್ಲಿಗೆ ಬರುತ್ತೆ!” ವಧು, ಡೋಲು, ಬಾಳೆಗಿಡ ಸಮೇತ ಎಲ್ಲರೂ ಹಳದಿ ದೋಣಿ ಹತ್ತಿದೆವು. ತಮ್ಮ ಬಣ್ಣಗಳ ಸೂಚನಾಫಲಕದ ಕೆಳಗೇ ನೂಲು ವಧೂವರರ ತಲೆಗಳನ್ನು ಕೂಡಿಸಿತು. ಶಂಖದಿಂದ ಜೋಡಿಯ ಕೈಗೆ ನೀರೆರೆಯಲು, ದೋಣಿ ತಪ್ಪಿಸಿಕೊಂಡವರೆಲ್ಲ ಸಾಲು ನಿಂತರು.

ಆದ್ದರಿಂದ ದೂರಲು ನನಗೆ ಮನಸ್ಸಿಲ್ಲ. ಹಳದಿ ಧ್ವಜದ ಮೇಲೊಂದು ಕಪ್ಪು ಮೀನು, ಹಸಿರಿನ ಮೇಲೆ ದಪ್ಪ ಪಟ್ಟೆಗಳು ಸಾಕು. ಅಷ್ಟು ಶ್ರಮ ತಮಗೆ ಹೆಚ್ಚಾದರೆ, ಹಳದಿ ದೋಣಿ ಬರುವಾಗ ನದಿಯನ್ನು ಸಿಹಿಯಾಗಿಸಿ, ಹಸಿರು ಬರುವಾಗ ಹುಳಿಯಾಗಿಸಿ. ವಿಚಾನ್ ಬೆರಳದ್ದಿ ನೆಕ್ಕಿ ನೋಡಿ ಹತ್ತುತ್ತಾರೆ.

ನಿಂತ ದೋಣಿಗಳಿಗೂ ನಿಲ್ಲದವಕ್ಕೂ ಸಮನಾಗಿ ಋಣಿಯಾದ,
ತಮ್ಮ ವಿಶ್ವಾಸಿ,
ವಿಲಾವನ್

ತಾ.ಕ.: ಈ ಪತ್ರದಲ್ಲಿ ದೂರನ್ನು ಹಳದಿ ಶಾಯಿಯಲ್ಲೂ ಹೊಗಳಿಕೆಯನ್ನು ಎಳೆ ಹಸಿರಿನಲ್ಲೂ ಬರೆದಿದ್ದೇನೆ. ವಿಚಾನ್ ನೋಡಿ, ಎಲ್ಲವೂ ಹೊಗಳಿಕೆಯೇ ಎಂದರು. ತಮಗೂ ಹಾಗೇ ಕಂಡರೆ, ಮೀನು ಬರೆಸುವ ಕೆಲಸವನ್ನು ದಯವಿಟ್ಟು ಬೇರೆಯವರಿಗೆ ಒಪ್ಪಿಸಿ.